ವಾರ್ಡ್ಸ್ ದ್ವೀಪದ ಅಗೋಚರ ದುಡಿಮೆಗಾರರು

ನ್ಯೂಜೆರ್ಸಿಯಿಂದ ಫ್ಲಷಿಂಗ್‌ನ ಗಣೇಶನ ದರ್ಶನಕ್ಕೆ ಹೊರಡುವ ನಮ್ಮವರಲ್ಲಿ ಅನೇಕರು ಟ್ರೈಬರೋ ಸೇತುವೆಯನ್ನು ದಾಟುತ್ತಾರೆ. ಸೇತುವೆಯ ಕೆಳಗಿರುವ ವಾರ್ಡ್ಸ್ ದ್ವೀಪದಲ್ಲಿ ಮ್ಯಾನ್‌ಹಟನ್‌ನ ಈಶಾನ್ಯ ಭಾಗ ಹಾಗೂ ಪಶ್ಚಿಮ ಬ್ರಾಂಕ್ಸ್‌ನ ಕೊಳಚೆಯು 1937ರಿಂದ ಶುದ್ಧಗೊಳ್ಳುತ್ತಿದೆ ಎಂಬುದನ್ನು ನಾನೂ ಬಹುಕಾಲ ಅರಿತಿರಲಿಲ್ಲ.

ಕೊಳಚೆಯ ಅಮೋನಿಯದಲ್ಲಿರುವ ಸಾರಜನಕವು ಸಮುದ್ರ ಸೇರಿದರೆ ಪಾಚಿಗೆ ಗೊಬ್ಬರವಾಗುತ್ತದೆ; ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. 1987ರ ಬೇಸಿಗೆಯಲ್ಲಿ ಲಾಂಗ್ ಐಲೆಂಡ್ ಕೊಲ್ಲಿಯ ಪಶ್ಚಿಮ ಭಾಗವು ಹೀಗೆಯೇ ಉಸಿರುಗಟ್ಟಿತು. ಸಾರಜನಕವನ್ನು ಶೇಕಡ 58.5ರಷ್ಟು ತಗ್ಗಿಸಬೇಕೆಂಬ ಯೋಜನೆಗೆ 2001ರಲ್ಲಿ ಒಪ್ಪಿಗೆ ದೊರೆಯಿತು.

ಈ ಕಾರ್ಯವನ್ನು ನೆರವೇರಿಸುವುದು ಸೂಕ್ಷ್ಮಜೀವಿಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡಿದರೆ ಮತ್ತೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೂರನೆಯದು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಮರಳಿಸುತ್ತದೆ. ಕೊಳೆತ ಕೆಸರನ್ನು ಹಿಂಡಿದಾಗ ಬರುವ ನೀರು ಪ್ರಮಾಣದಲ್ಲಿ ಅಲ್ಪ, ಅಮೋನಿಯದಲ್ಲಿ ಬಲು ಖಾರ. ವಾರ್ಡ್ಸ್ ದ್ವೀಪದಲ್ಲಿ ಅದಕ್ಕೆಂದೇ 'ಶರಾನ್' ಎಂಬ ವಿಧಾನವನ್ನು ತಂದರು. ಬೆಚ್ಚನೆಯ ತೊಟ್ಟಿಯಲ್ಲಿ ನೈಟ್ರೈಟ್ ಹಂತದಲ್ಲಿಯೇ ಕೆಲಸ ನಿಲ್ಲಿಸಿ, ಅಲ್ಲಿಂದ ನೇರವಾಗಿ ಸಾರಜನಕಕ್ಕೆ ಹೊರಳಿಸುವುದು. ಆಮ್ಲಜನಕದಲ್ಲಿ ಸುಮಾರು ಕಾಲುಭಾಗ ಉಳಿತಾಯ.

ಆದರೆ ನನ್ನನ್ನು ಬೆರಗುಗೊಳಿಸಿದ್ದು 'ಅನಾಮಾಕ್ಸ್'. 1990ರ ದಶಕದಲ್ಲಿ ಹಾಲೆಂಡಿನಲ್ಲಿ ಗುರುತಿಸಲ್ಪಟ್ಟ ಈ ಕೆಂಬಣ್ಣದ ಜೀವಿಗಳು ಗಾಳಿಯ ಹಂಗಿಲ್ಲದೆ ಅಮೋನಿಯ, ನೈಟ್ರೈಟ್‌ಗಳೆರಡನ್ನೂ ಕೂಡಿಸಿ ಸಾರಜನಕವಾಗಿಸುತ್ತವೆ. ದುಪ್ಪಟ್ಟಾಗಲು ಇವಕ್ಕೆ ಹತ್ತಾರು ದಿನ ಬೇಕು! 2002ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸ್ಥಾಪಿತವಾದ ಮೊದಲ ದೊಡ್ಡ ತೊಟ್ಟಿ ಹದಕ್ಕೆ ಬರಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅನಂತರದ ತೊಟ್ಟಿಗಳಿಗೆ ಹಳೆಯದರ ಕೆಸರನ್ನೇ ಹಾಕಿದರು, ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವಂತೆ. ಎಚ್ಚರ ತಪ್ಪಿದರೆ ಅಪಾಯವೂ ಉಂಟು. ತೊಟ್ಟಿಯ ಹದ ಕೆಟ್ಟರೆ ನಗೆ ಅನಿಲ ಹೊಮ್ಮುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಮುನ್ನೂರು ಪಟ್ಟು ಬಲಶಾಲಿ, ನಗುವ ಮಾತಲ್ಲ. ಮ್ಯಾನ್‌ಹಟನ್‌ನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಇದನ್ನು ಅಭ್ಯಸಿಸಿದ ಭಾರತೀಯ ಮೂಲದ ಕಾರ್ತಿಕ್ ಚಂದ್ರನ್ ಅವರಿಗೆ 2015ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.

ಅದೇ ವರ್ಷ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿತು. ಬೆಂಗಳೂರಿನಿಂದ ಅಕ್ಕ ದೂರವಾಣಿಯಲ್ಲಿ ಕೇಳಿದಳು: "ನಿಮ್ಮೂರಿನ ಆ ಹೆಪ್ಪನ್ನು ಬರುವಾಗ ಸ್ವಲ್ಪ ತರಬಾರದೇನೋ?"

"ಹೆಪ್ಪು ಅಲ್ಲಿನ ಕೆಸರಿನಲ್ಲೇ ಇದೆ ಅಕ್ಕಾ," ಎಂದೆ. "ಹಾಲು ಪಾತ್ರೆಗೆ ಬಾರದೆ ನೇರ ಕೆರೆಗೆ ಹರಿಯುತ್ತಿದೆ."