ಡೈ, ಕಿಡ್ನಿ ಮತ್ತು ಒಂದು ಬಾಟಲಿ ಉಪ್ಪುನೀರು

ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಟಿ. ಚೀಟಿ ಕೊಟ್ಟ ಕೂಡಲೇ ಬರುವ ಪ್ರಶ್ನೆ: "ಕ್ರಿಯಾಟಿನಿನ್ ರಿಪೋರ್ಟ್ ತಂದಿದೀರಾ?" ಚೀಟಿಯಲ್ಲಿ 'ಕಾಂಟ್ರಾಸ್ಟ್', ಅಂದರೆ ಡೈ, ಎಂದಿದ್ದರೆ, ತೀರಾ ತುರ್ತಿಲ್ಲದ ಹೊರತು, ಕಿಡ್ನಿಯ ಸ್ಥಿತಿ ಹೇಳುವ ಈ ರಕ್ತಪರೀಕ್ಷೆಯ ಅಂಕಿ ನೋಡದೆ ಒಳಗೆ ಬಿಡುವುದು ಕಡಿಮೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಲ್ಲಿ ಅಷ್ಟರಲ್ಲೇ ಗುಸುಗುಸು ಶುರುವಾಗಿರುತ್ತದೆ: "ಡೈ ಹಾಕಿದ್ರೆ ಕಿಡ್ನಿ ಹೋಗುತ್ತಂತೆ." ಇದು ಪೂರ್ತಿ ಸುಳ್ಳಲ್ಲ. ಆದರೆ ಈಚಿನ ಸಂಶೋಧನೆಗಳ ಮುಂದೆ ಈ ಭಯದ ತೂಕ ಬಹಳ ಇಳಿದಿದೆ.

ಡೈ ಎಂದರೂ ಅದರಲ್ಲಿ ಬಣ್ಣವಿಲ್ಲ. ನೀರಿನಂತೆ ತಿಳಿಯಾದ, ಕೊಂಚ ಅಂಟಾದ ದ್ರಾವಣ. ಕೆಲಸ ಮಾಡುವುದು ಅದರೊಳಗಿನ ಅಯೋಡಿನ್. ಅದರ ಭಾರವಾದ ಪರಮಾಣುಗಳು ಎಕ್ಸ್-ರೇ ಕಿರಣಗಳನ್ನು ತಡೆಯುವುದರಿಂದ ಡೈ ಹರಿದ ರಕ್ತನಾಳ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಸಿ.ಟಿ.ಗೆ ಸಾಮಾನ್ಯವಾಗಿ 70ರಿಂದ 100 ಮಿಲಿಲೀಟರ್ ಬೇಕು. ಅದನ್ನು ಯಂತ್ರವೇ ತೋಳಿನ ನಾಳಕ್ಕೆ ನೂಕುತ್ತದೆ. ಮೈಯೆಲ್ಲ ಬಿಸಿ ಹರಿದಂತೆ, ಬಾಯಲ್ಲಿ ಲೋಹದ ರುಚಿ, ಮಲಗಿದಲ್ಲೇ ಮೂತ್ರ ಹೋಗಿಬಿಟ್ಟಿತೇನೋ ಎಂಬ ಭ್ರಮೆ. ನಿಮಿಷದಲ್ಲಿ ಎಲ್ಲ ಮಾಯ.

ಆಮೇಲೆ ಇದನ್ನು ಹೊರಹಾಕುವ ಹೊರೆ ಕಿಡ್ನಿಯದು. ಹೃದಯ ಪಂಪು ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ಕಿಡ್ನಿಗಳಿಗೆ ಹೋಗುತ್ತದೆ ನಿಜ. ಆದರೆ ಅದರ ಹೆಚ್ಚಿನ ಭಾಗ ಹೊರಪದರಕ್ಕೇ ಸಲ್ಲುತ್ತದೆ. ಒಳಪದರ ಸದಾ ಆಮ್ಲಜನಕದ ಕೊರತೆಯಲ್ಲೇ ದುಡಿಯುತ್ತಿರುತ್ತದೆ. ಡೈ ಸೋಸಿ ಬಂದು ಸೂಕ್ಷ್ಮ ನಾಳಗಳಿಗೆ ಇಳಿದಾಗ ದೇಹ ನೀರನ್ನು ಮರಳಿ ಹೀರಿಕೊಳ್ಳುತ್ತದೆ, ಡೈಯನ್ನು ಬಿಟ್ಟುಬಿಡುತ್ತದೆ. ಒಲೆಯ ಮೇಲಿನ ಬೆಲ್ಲದ ಪಾಕದಂತೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ಜೊತೆಗೆ ಒಳಪದರದ ರಕ್ತನಾಳಗಳೂ ಬಿಗಿಯುತ್ತವೆ. ಆರೋಗ್ಯವಂತ ಕಿಡ್ನಿ ಇದನ್ನು ತಡೆದುಕೊಳ್ಳುತ್ತದೆ. ಮೊದಲೇ ಸೊರಗಿದ್ದಕ್ಕೆ ಕಷ್ಟ.

ಹಳೆಯ ಡೈಗಳು ಇನ್ನೂ ಒರಟಾಗಿದ್ದವು. ದ್ರಾವಣದಲ್ಲಿ ಕರಗಿರುವ ಕಣಗಳ ಸಾಂದ್ರತೆ ರಕ್ತದಲ್ಲಿ ಸುಮಾರು 290 ಇದ್ದರೆ ಅವುಗಳಲ್ಲಿ 1500 ಮೀರುತ್ತಿತ್ತು. ಸ್ವೀಡನ್ನಿನ ವೈದ್ಯ ಟಾರ್ಸ್ಟನ್ ಆಲ್ಮೆನ್, ಚುಚ್ಚಿದಾಗ ರೋಗಿಗಳು ನೋವಿನಿಂದ ಒದ್ದಾಡುವುದನ್ನು ಕಂಡಿದ್ದರು. ಉಪ್ಪು ಹೆಚ್ಚಿರುವ ಕಡಲಲ್ಲಿ ಈಜುವಾಗ ಕಣ್ಣು ಉರಿಯುತ್ತದೆ, ಉಪ್ಪು ಕಡಿಮೆಯಿರುವ ಬಾಲ್ಟಿಕ್ ಸಮುದ್ರದಲ್ಲಿ ಉರಿಯುವುದಿಲ್ಲ ಎಂಬ ಅನುಭವದಿಂದ ಅವರಿಗೆ ಸುಳಿವು ಸಿಕ್ಕಿತಂತೆ: ತೊಂದರೆಯ ಮೂಲ ಅಯೋಡಿನ್ ಅಲ್ಲ, ಕಣಗಳ ಸಾಂದ್ರತೆ. 1969ರಲ್ಲಿ ಈ ವಿಚಾರ ಪ್ರಕಟಿಸಿದರು. ನಾರ್ವೆಯ ಕಂಪನಿಯೊಂದು ಅದನ್ನು ಔಷಧವಾಗಿಸಿತು. ಇಂದಿನ ಸೌಮ್ಯ ಡೈಗಳೆಲ್ಲ ಆ ವಂಶದವೇ.

ಕಿಡ್ನಿ ಕಾಯುವ ಮದ್ದಿನ ಹುಡುಕಾಟ ಬೇರೆಯೇ ದಾರಿ ಹಿಡಿಯಿತು. ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಡೈ ಬೇಗ ಹೊರಹೋದೀತು ಎಂಬುದು ತರ್ಕ. 1994ರಲ್ಲಿ ಪರೀಕ್ಷಿಸಿದಾಗ ಫಲ ತಿರುಗುಮುರುಗು: ಬರೀ ಸಲೈನ್ ಪಡೆದವರಲ್ಲಿ 11% ಜನರ ಕಿಡ್ನಿಗೆ ಪೆಟ್ಟು, ಸಲೈನ್ ಜೊತೆ ಫ್ಯೂರೋಸೆಮೈಡ್ ಪಡೆದವರಲ್ಲಿ 40%. 2000ದಲ್ಲಿ ಬಂತು ಅಸಿಟೈಲ್‌ಸಿಸ್ಟೀನ್, ಕಫ ಕರಗಿಸುವ, ಕೊಳೆತ ಮೊಟ್ಟೆಯ ವಾಸನೆಯ ಮದ್ದು. ಕೇವಲ 83 ಜನರ ಮೇಲಿನ ಪ್ರಯೋಗದಲ್ಲಿ ಅದು ಕಿಡ್ನಿ ಕಾಯುವಂತೆ ಕಂಡಿತು. ಅಗ್ಗದ ಮದ್ದು, ಅಪಾಯವೂ ಇಲ್ಲ, ಇನ್ನೇನು ಬೇಕು? ಜಗತ್ತಿನ ಆಸ್ಪತ್ರೆಗಳೆಲ್ಲ ಕುಡಿಸತೊಡಗಿದವು. 2018ರಲ್ಲಿ ಸುಮಾರು ಐದು ಸಾವಿರ ರೋಗಿಗಳ 'ಪ್ರಿಸರ್ವ್' ಅಧ್ಯಯನ ಬಂದಾಗ, ಅದಕ್ಕೂ ಸುಳ್ಳು ಗುಳಿಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಸೋಡಿಯಂ ಬೈಕಾರ್ಬೊನೇಟ್ ಡ್ರಿಪ್ ಕೂಡ ಬರೀ ಉಪ್ಪುನೀರಿಗಿಂತ ಮೇಲೇನಲ್ಲ ಎಂದಾಯಿತು.

ಇದಕ್ಕಿಂತ ಕುತೂಹಲದ್ದು ಇನ್ನೊಂದು ಲೆಕ್ಕ. ಡೈ ಹಾಕಿದ ಮೇಲೆ ಕ್ರಿಯಾಟಿನಿನ್ ಏರಿದರೆ ತಪ್ಪು ಡೈಯದೇ ಎಂದು ದಶಕಗಳ ಕಾಲ ಬರೆದುಕೊಳ್ಳಲಾಗಿತ್ತು. ಡೈ ಹಾಕದ ರೋಗಿಗಳಲ್ಲೂ ಏರುತ್ತದೆಯೇ ಎಂದು ನೋಡಿದವರು ಕಡಿಮೆ. 2008ರಲ್ಲಿ ಅಮೆರಿಕದಲ್ಲಿ ಡೈ ಪಡೆಯದ 30 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ತೆಗೆದರೆ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ಅಂಕಿ 25% ಅಥವಾ ಅದಕ್ಕೂ ಮೀರಿ ಏರಿಳಿದಿತ್ತು! ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರಲ್ಲಿ ಸೋಂಕು, ನಿರ್ಜಲೀಕರಣ, ನೋವಿನ ಮಾತ್ರೆ ಎಲ್ಲವೂ ಕಿಡ್ನಿಯನ್ನು ಅಲುಗಾಡಿಸುತ್ತವೆ. ಈ ಕಾರಣಕ್ಕೆ, ಡೈ ಭಯದಿಂದ ಅಗತ್ಯವಾದ ಸ್ಕ್ಯಾನನ್ನೇ ಬೇಡವೆನ್ನುವುದು ನನ್ನ ಮಟ್ಟಿಗೆ ಹೆಚ್ಚು ಅಪಾಯದ ಆಯ್ಕೆ.

ಹಾಗಾದರೆ ಎಚ್ಚರ ಯಾರಿಗೆ? ಬರೀ ಕ್ರಿಯಾಟಿನಿನ್ ನೋಡಿದರೆ ಸಾಲದು. 1.3 ಎಂಬ ಅದೇ ಅಂಕಿ 25ರ ಹುಡುಗನಲ್ಲಿ ಸುಮಾರು 78ರ, 75ರ ಅಜ್ಜಿಯಲ್ಲಿ ಸುಮಾರು 43ರ ಇಜಿಎಫ್‌ಆರ್ ಕೊಡುತ್ತದೆ. ಸೋಸುವ ಶಕ್ತಿಯ ನಿಜವಾದ ಅಂದಾಜು ಇದು. 2020ರಲ್ಲಿ ಅಮೆರಿಕದ ರೇಡಿಯಾಲಜಿ ಮತ್ತು ಕಿಡ್ನಿ ಸಂಸ್ಥೆಗಳು ಸೇರಿ ಹೇಳಿದ್ದು: ಸಿ.ಟಿ.ಗೆ ಮುಖ್ಯವಾಗಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿರುವವರಿಗೆ ಮತ್ತು ಕಿಡ್ನಿಗೆ ಆಗಷ್ಟೇ ಪೆಟ್ಟು ಬಿದ್ದವರಿಗೆ ಸಲೈನ್ ರಕ್ಷಣೆ ಬೇಕು. ಮನೆಯವರು 'ಗ್ಲೂಕೋಸ್' ಎನ್ನುವ ಬಾಟಲಿ ಅಲ್ಲಿ 0.9% ಉಪ್ಪುನೀರು. ಅದನ್ನೂ ಎಲ್ಲರಿಗೂ ಸುರಿಯುವಂತಿಲ್ಲ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಇಜಿಎಫ್‌ಆರ್ 30ರಿಂದ 59ರ ನಡುವಿನ 660 ಜನರಲ್ಲಿ ಡ್ರಿಪ್ ಕೊಟ್ಟವರಿಗೂ ಕೊಡದವರಿಗೂ ಕಿಡ್ನಿ ತೊಂದರೆ ಹೆಚ್ಚುಕಡಿಮೆ ಒಂದೇ, 2.7% ಮತ್ತು 2.6%. ಆದರೆ ಡ್ರಿಪ್ ಪಡೆದ 328 ಜನರಲ್ಲಿ 18 ಮಂದಿಗೆ ಡ್ರಿಪ್ಪಿನಿಂದಲೇ ತೊಂದರೆಯಾಯಿತು. ದುರ್ಬಲ ಹೃದಯಕ್ಕೆ ಹೆಚ್ಚಿನ ನೀರೂ ಹೊರೆ.

ಆಂಜಿಯೋಗ್ರಾಂ ಮಾತು ಸ್ವಲ್ಪ ಬೇರೆ. ಅಲ್ಲಿ ಡೈ ಅಪಧಮನಿಗೆ ಹೋಗುವುದರಿಂದ ಹೆಚ್ಚು ಗಾಢವಾಗಿ ಕಿಡ್ನಿ ತಲುಪಬಹುದು. ಹಾಗಾಗಿ ವೈದ್ಯರು ಡೈ ಪ್ರಮಾಣವನ್ನು ಆದಷ್ಟು ಕಡಿಮೆ ಇಡುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಉಳಿದು ಆಮ್ಲ ಏರಿಸೀತು ಎಂಬ ಕಾರಣಕ್ಕೆ, ಇಜಿಎಫ್‌ಆರ್ ತೀರಾ ಕಡಿಮೆಯಿದ್ದವರಿಗೆ ಎರಡು ದಿನ ನಿಲ್ಲಿಸುತ್ತಾರೆ. ಡೈ ತೆಗೆಯಲೆಂದು ಕೂಡಲೇ ಡಯಾಲಿಸಿಸ್ ಮಾಡಿಸುವುದರಿಂದ ಕಿಡ್ನಿಗೆ ಲಾಭವಾದ ಪುರಾವೆಯಿಲ್ಲ. ಅಪಾಯದ ಗುಂಪಿನವರು 48ರಿಂದ 72 ಗಂಟೆಗಳೊಳಗೆ ಇನ್ನೊಮ್ಮೆ ಕ್ರಿಯಾಟಿನಿನ್ ಮಾಡಿಸಿ, ಹಳೆಯ ರಿಪೋರ್ಟಿನ ಜೊತೆಗೇ ವೈದ್ಯರಿಗೆ ತೋರಿಸಬೇಕು.