ಅಮೃತಮಹಲ್ ತಳಿ ಮತ್ತು ಅದರ ಕಾವಲು

ಜಾನುವಾರು ತಳಿಯೊಂದು ಅಳಿವಿನಂಚಿಗೆ ಬಂದಿದೆಯೇ ಎಂಬುದನ್ನು ಒಟ್ಟು ತಲೆಯೆಣಿಕೆಯಿಂದಲೇ ಹೇಳಲಾಗದು. ಕರು ಹಾಕಬಲ್ಲ ಹಸುಗಳೆಷ್ಟು, ಬೀಜದ ಹೋರಿಗಳೆಷ್ಟು ಎಂಬುದೇ ಮುಖ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅನುಸರಿಸಿದ ಮಾನದಂಡದಂತೆ ಹಸುಗಳು 1,000ಕ್ಕೆ ಅಥವಾ ಹೋರಿಗಳು 20ಕ್ಕೆ ಇಳಿದ ತಳಿ ಅಪಾಯದಲ್ಲಿದೆಯೆಂದೇ ಅರ್ಥ. ಹೋರಿಗಳು ಬೆರಳೆಣಿಕೆಗೆ ಬಂದಾಗ ಹತ್ತಿರದ ರಕ್ತಸಂಬಂಧದಲ್ಲೇ ಸಂತಾನ ಮುಂದುವರಿಯುವ ಒಳಸಂಕರ ಉಂಟಾಗಿ, ಹಸುಗಳು ಗಬ್ಬ ಕಟ್ಟುವುದೂ ಕರುಗಳ ಕಸುವೂ ಕುಗ್ಗುತ್ತವೆ.

ಕರ್ನಾಟಕದ ಅಮೃತಮಹಲ್ ತಳಿಯ ವಿಷಯದಲ್ಲಿ ಈ ಲೆಕ್ಕದ ಜೊತೆಗೆ ನೆಲದ ಪ್ರಶ್ನೆಯೂ ಸೇರಿಕೊಂಡಿದೆ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಸಾಕಿದ ದನಗಳು ಮುಂದೆ ದಂಡಿನ ತೋಪು ಸಾಮಾನು ಎಳೆಯುವ ಕೆಲಸಕ್ಕೆ ಒದಗಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದವು. ಬೂದು ಮೈಬಣ್ಣ, ನಟ್ಟನಡುವೆ ಗೆರೆ ಕೊರೆದಂತಿರುವ ಉಬ್ಬಿದ ಹಣೆ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು ಇವುಗಳ ಗುರುತು. ಬೆಣ್ಣೆ ಚಾವಡಿಯಿಂದ ಬಂದ ತಳಿಗೆ ಹಾಲೇ ಕಡಿಮೆ ಎಂಬುದು ವಿಚಿತ್ರವಾದರೂ ನಿಜ. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನು ಮಾರಿಬಿಟ್ಟ ಬ್ರಿಟಿಷ್ ಆಡಳಿತವು ಸೈನ್ಯಕ್ಕೆ ತಕ್ಕ ಎತ್ತುಗಳು ಸಿಗದೆ 1866ರಲ್ಲಿ ಅವನ್ನು ಮತ್ತೆ ಕಟ್ಟಬೇಕಾಯಿತು.

ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಈ ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎಂದು ಹೆಸರು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಕೆರೆಯಂಗಳದ ಹಸಿರೂ ಮರದ ನೆರಳೂ ಸಿಗುವ ಬೇಸಿಗೆಗೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಸೇರ್ವೆಗಾರರೆಂಬ ಮೇಲ್ವಿಚಾರಕರ ಸುಪರ್ದಿನಲ್ಲಿ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಅಟ್ಟಲಾಗುತ್ತಿತ್ತು. ಕೊಟ್ಟಿಗೆ ಕಾಣದೆ ಬಯಲಲ್ಲೇ ಈದು ಬೆಳೆದ ಈ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ತಳಿಯ ಹೆಸರುವಾಸಿಯಾದ ಬಿರುಸು ಮತ್ತು ತಾಳಿಕೆ ಬಂದದ್ದು ಈ ಅಲೆದಾಟದಿಂದಲೇ.

ಇಂಥ ತಳಿಯನ್ನು ಉಳಿಸಲು ಹೋರಿಯ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವಸಾರಜನಕದಲ್ಲಿ ದಶಕಗಳ ಕಾಲ ಕಾಪಿಡುವ ವಿಧಾನ ಇಂದು ಕೈಗೆಟಕಿದೆ. ಇದನ್ನು ಹೊರನೆಲೆ ಸಂರಕ್ಷಣೆ ಎನ್ನುತ್ತಾರೆ. ಇದು ಬೇಕೇ ಬೇಕು. ಆದರೆ ಬಿಸಿಲು, ಬರ, ರೋಗಗಳೊಡನೆ ತಳಿ ನಿತ್ಯ ಹೊಂದಿಕೊಳ್ಳುವುದು ಬಯಲಿನಲ್ಲಿಯೇ ಹೊರತು ನಳಿಕೆಯಲ್ಲಲ್ಲ. ಆ ಬಯಲು ಸಾಗುವಳಿಗೆ, ನೆಡುತೋಪಿಗೆ ಕರಗಿದ್ದು ಸಾಲದೆಂಬಂತೆ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು.

ಉಳುಮೆ ಟ್ರ್ಯಾಕ್ಟರಿನ ಪಾಲಾದ ಮೇಲೂ ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಹೋರಿಗರುಗಳನ್ನು ಹರಾಜಿಗಿಟ್ಟಾಗ ರೈತರು ಪೈಪೋಟಿಯಿಂದ ಬೆಲೆ ಕೂಗುತ್ತಾರೆ. ಆ ಕರುಗಳನ್ನು ಹೆರುವ ಹಸುವನ್ನು ಮಾತ್ರ ಹಾಲಿನ ಲೆಕ್ಕ ನೋಡುವ ಮನೆ ಸುಲಭಕ್ಕೆ ಕಟ್ಟಿಕೊಳ್ಳದು. ಅದರ ಮೇವಿನ ಭಾರ ಈಗಲೂ ಉಳಿದಷ್ಟು ಕಾವಲಿನ ಮೇಲೆಯೇ ಇದೆ.