ಶಲ್ಕ ಕೀಟಕ್ಕಿಂತ ಮೊದಲು ಇರುವೆ

ತಾರಸಿಯ ಕರಿಬೇವಿಗೆ, ನಿಂಬೆಗೆ ಶಲ್ಕ ಕೀಟ ಹತ್ತಿತೆಂದರೆ ನಮ್ಮ ನಗರವಾಸಿಗಳು ಮೊದಲು ಹುಡುಕುವುದು ವಿಷದ ಬಾಟಲಿಯನ್ನು. ನಾಳೆ ಒಗ್ಗರಣೆಗೆ ಬೀಳಬೇಕಾದ ಎಲೆ ಅದೆಂಬುದು ಆ ಗಾಬರಿಯಲ್ಲಿ ಮರೆತೇಹೋಗುತ್ತದೆ. ನಾನು ಹೇಳುವುದು ಬೇರೆ: ಮೊದಲು ಕಾಂಡದ ಮೇಲೆ ಸಾಲುಗಟ್ಟಿರುವ ಇರುವೆಗಳನ್ನು ನೋಡಿ.

ಎಲೆಯಡಿ ಹುರುಪೆಯಂತೆ ಅಂಟಿಕೊಂಡ ಹೆಣ್ಣು ಕೀಟ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತದೆ. ಮಸಿಯಂತೆ ಹರಡುವ ಕಪ್ಪು ಬೂಷ್ಟು ಬೆಳೆಯುವುದು ಅದರ ಮೇಲೆಯೇ. ಆ ಸಿಹಿಗಾಗಿ ಬರುವ ಇರುವೆಗಳು ದನಗಾಹಿಗಳಂತೆ ಕೀಟಗಳನ್ನು ಕಾಯುತ್ತವೆ. ಅವನ್ನು ತಿನ್ನಬಂದ ಗುಲಗಂಜಿ ಹುಳುಗಳನ್ನೂ ಪರಾವಲಂಬಿ ಕಣಜಗಳನ್ನೂ ಓಡಿಸುತ್ತವೆ.

ಕಾಫಿ ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ. ಅವರು ಹಸಿರು ತಿಗಣೆ ಎನ್ನುವ ಶಲ್ಕ ಕೀಟದ ವಿರುದ್ಧ 1898ರಲ್ಲಿಯೇ ಎಚ್. ಒ. ನ್ಯೂಪೋರ್ಟ್ ಎಂಬವರು ಆಸ್ಟ್ರೇಲಿಯಾದಿಂದ ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವನ್ನು ತರಿಸಿದ್ದರು. ಅದು ಹಸಿರು ತಿಗಣೆಯನ್ನು ಹತ್ತಿಕ್ಕಲಿಲ್ಲ. ಆದರೆ ಕರ್ನಾಟಕದಲ್ಲಿ ನೆಲೆಯೂರಿ ಹಿಟ್ಟು ತಿಗಣೆಗಳನ್ನು ತಿನ್ನತೊಡಗಿತು. ಇರುವೆ ತಡೆಯಲು ಗಿಡದ ಬುಡಕ್ಕೆ ಎರಚುತ್ತಿದ್ದ ಪುಡಿಗಳಲ್ಲೊಂದಾದ ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ ನಿಷೇಧಕ್ಕೊಳಗಾಯಿತು.

ಗಿಡಮೂಲದ ವಾಸನೆಗಳು ನೆರವಿಗೆ ಬರುವುದು ಇಲ್ಲಿ. ಇರುವೆ ದಾರಿ ಹಿಡಿಯುವುದು ಜೊತೆಗಾರರು ಬಿಟ್ಟ ವಾಸನೆಯ ಜಾಡಿನಿಂದ. ಚಕ್ಕೆ ಎಣ್ಣೆಯ ಸಿನ್ನಮಾಲ್ಡಿಹೈಡ್, ಲವಂಗದ ಎಣ್ಣೆಯ ಯೂಜೆನಾಲ್ ಅದನ್ನು ಹಿಮ್ಮೆಟ್ಟಿಸುತ್ತವೆ. ನೇರವಾಗಿ ಸವರಿದರೆ ಎಳೆಯ ತೊಗಟೆ ಸುಟ್ಟೀತು. ಕಾಂಡಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಎಣ್ಣೆ ಹನಿಸಿದ ಬಟ್ಟೆಪಟ್ಟಿಯನ್ನು ಅದರ ಮೇಲೆ ಕಟ್ಟುವುದು ಲೇಸು. ಇರುವೆಯನ್ನು ಕೊಲ್ಲಬೇಕಾಗಿಲ್ಲ, ಗಿಡ ಹತ್ತದಂತೆ ತಡೆದರಾಯಿತು. ಗೇರು ತೋಟಗಳಲ್ಲಿ ಟೀ ಸೊಳ್ಳೆಯ ಕಾಟವನ್ನು ತಗ್ಗಿಸುವುದು ಇದೇ ಕುಲದ ಚಗಳಿಯಲ್ಲವೆ?

ಆದರೆ ಇಂತಹ ಎಣ್ಣೆಗಳಿಗೆ ಆಯುಸ್ಸು ಕಡಿಮೆ. ಕೆಲವೇ ದಿನಗಳಲ್ಲಿ ಆರಿಹೋಗುತ್ತವೆ, ಮಳೆಗೆ ತೊಳೆದುಹೋಗುತ್ತವೆ. ಮತ್ತೆ ಮತ್ತೆ ಹನಿಸಬೇಕು. ಗೋಡೆಗೋ ಪಕ್ಕದ ಕುಂಡಕ್ಕೋ ತಾಗಿದ ಒಂದು ರೆಂಬೆ ಸಾಕು, ಇರುವೆಗೆ ಸೇತುವೆಯಾಗುತ್ತದೆ. ಅದನ್ನು ಕತ್ತರಿಸದೆ ಪಟ್ಟಿ ಕಟ್ಟಿ, ಫಲವಿಲ್ಲವೆಂದು ದೂರುವವರನ್ನು ನಾನು ಬಲ್ಲೆ.

ಪಟ್ಟಿ ಕಟ್ಟಿದ ಮರುದಿನವೇ ಕೀಟ ಸಾಯುವುದಿಲ್ಲ. ಕುಳಿತವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲನೆ ತಿಕ್ಕಿ ಉದುರಿಸಬೇಕು. ತಪ್ಪಿಸಿಕೊಂಡವುಗಳ ಮರಿಗಳು ಹೊಸ ಜಾಗ ಹುಡುಕಿ ತೆವಳುವ ದಿನಗಳಲ್ಲಂತೂ ಪಟ್ಟಿಯ ವಾಸನೆ ಆರಲು ಬಿಡಬಾರದು. ಕಾವಲಿಲ್ಲದ ಆ ಎಳೆಯ ಮರಿಗಳು ಗುಲಗಂಜಿ ಹುಳುವಿಗೆ ಸುಲಭದ ತುತ್ತು.